ಗೇರ್ ‘ಕರ್ರ್’ ಅಂತಿದೆಯಾ? ಗೇರ್‌ಬಾಕ್ಸ್ ಇಳಿಸೋ ಮುಂಚೆ ಕ್ಲಚ್ ಕೇಬಲ್ ಒಮ್ಮೆ ನೋಡಿ

ಮೈಸೂರು: ನಮಗೆ ಪರಿಚಯದ ದಿನಸಿ ಅಂಗಡಿಯವರೊಬ್ಬರ ಹತ್ತಿರ ಹಳೇ ಓಮ್ನಿ ಇದೆ. ಬೆಳಗಿನ ಜಾವ ಬಂಡಿಪಾಳ್ಯದ ಎಪಿಎಂಸಿಗೆ ಹೋಗಿ ಈರುಳ್ಳಿ, ಆಲೂಗಡ್ಡೆ ಮೂಟೆ ಹೇರಿಕೊಂಡು ಎಂಟು ಗಂಟೆಯೊಳಗೆ ಅಂಗಡಿ ಮುಂದೆ ಇಳಿಸುವುದು ಆ ಗಾಡಿಯ ದಿನಚರಿ. ಗೌರಿ ಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ ಅದು ತೊಂದರೆ ಕೊಡಲು ಶುರು ಮಾಡಿತು. ರಿವರ್ಸ್ ಹಾಕಿದರೆ ‘ಕರ್ರ್’ ಅನ್ನೋ ಸದ್ದು. ಸಿಗ್ನಲ್‌ನಲ್ಲಿ ನಿಂತಾಗ ಫಸ್ಟ್ ಗೇರ್ ಬೀಳಲ್ಲ. ಕ್ಲಚ್ ಪೂರ್ತಿ ತುಳಿದು ಹಿಡಿದಿದ್ದರೂ ಗಾಡಿ ಮೆಲ್ಲಗೆ ಮುಂದಕ್ಕೆ ಜಾರುತ್ತೆ.

ಗ್ಯಾರೇಜಿಗೆ ತೋರಿಸಿದರು. ಹುಡುಗ ಒಂದು ರೌಂಡ್ ಓಡಿಸಿ ಬಂದು, ‘ಕ್ಲಚ್ ಪ್ಲೇಟ್ ಹೋಗಿದೆ ಸಾರ್. ಗೇರ್‌ಬಾಕ್ಸ್ ಇಳಿಸ್ಬೇಕು, ಸೆಟ್ ಚೇಂಜ್ ಮಾಡ್ಬೇಕು. ಎರಡು ದಿನ ಗಾಡಿ ಬಿಡಿ’ ಅಂದ. ಹಬ್ಬದ ವ್ಯಾಪಾರದ ಹೊತ್ತಲ್ಲಿ ಎರಡು ದಿನ ಗಾಡಿ ಇಲ್ಲ ಅಂದರೆ ಸರಕಿಗೆ ಬಾಡಿಗೆ ಆಟೊ ಹುಡುಕಬೇಕು. ಅದರ ಮೇಲೆ ಸಾವಿರಗಟ್ಟಲೆ ಬಿಲ್ಲು. ‘ನಾಳೆ ತರ್ತೀನಿ ಕಣಪ್ಪ’ ಎಂದು ಹೇಳಿ ಅವರು ವಾಪಸ್ ಬಂದರು.

ಸಂಜೆ ಅಂಗಡಿ ಮುಂದೆಯೇ ಗಾಡಿ ನಿಲ್ಲಿಸಿಕೊಂಡು, ಬಗ್ಗಿ, ಕ್ಲಚ್ ಪೆಡಲ್ಲನ್ನು ಕೈಯಲ್ಲಿ ಒತ್ತಿ ನೋಡಿದೆವು. ಮೂರು ಬೆರಳಿನಷ್ಟು ದೂರ ಪೆಡಲ್ ಸುಮ್ಮನೆ ಒಳಗೆ ಹೋಗುತ್ತಿತ್ತು, ಅಲ್ಲಿಯವರೆಗೆ ಏನೂ ಬಿಗಿ ಇಲ್ಲ. ಪ್ಲೇಟ್ ಸವೆದ ಗಾಡಿಯಲ್ಲಿ ಹೀಗಾಗುವುದಿಲ್ಲ. ಪ್ಲೇಟ್ ಸವೆದರೆ ಇದಕ್ಕೆ ಪೂರ್ತಿ ಉಲ್ಟಾ ಆಗಬೇಕು.

ಮರುದಿನ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಗಾಡಿಯ ಕೆಳಗೆ ನೋಡಿಸಿದಾಗ ವಿಷಯ ಗೊತ್ತಾಯಿತು. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಕ್ಲಚ್ ಕೇಬಲ್‌ನ ಎಳೆಗಳು ಅರ್ಧದಷ್ಟು ಕಿತ್ತು ಪೊರಕೆ ಥರ ಬಿಚ್ಚಿಕೊಂಡಿದ್ದವು. ಹೊಸ ಕೇಬಲ್ಲಿಗೆ ಕೆಲವು ನೂರು ರೂಪಾಯಿ, ಮೇಲೆ ಕೂಲಿ. ಮಧ್ಯಾಹ್ನದೊಳಗೆ ಗಾಡಿ ಅಂಗಡಿ ಮುಂದೆ ಬಂತು. ಆವತ್ತಿನ ಅದೇ ಪ್ಲೇಟಿನಲ್ಲೇ ಈಗಲೂ ಓಡುತ್ತಿದೆ.

ಮೊದಲ ಗ್ಯಾರೇಜಿನವರು ಮೋಸ ಮಾಡಿದರು ಅಂತ ನಾವು ಹೇಳುವುದಿಲ್ಲ. ಗೇರ್ ಬೀಳ್ತಿಲ್ಲ ಅಂದ ತಕ್ಷಣ ‘ಪ್ಲೇಟ್’ ಅನ್ನುವುದು ಒಂದು ಅಭ್ಯಾಸ ಆಗಿಬಿಟ್ಟಿದೆ. ಆದರೆ ದುಡ್ಡು ಹೋಗುವುದು ಗಾಡಿಯವರದ್ದು. ಆದ್ದರಿಂದ ಹಳೇ ಗಾಡಿ ಇಟ್ಟುಕೊಂಡಿರುವವರು ಹತ್ತು ನಿಮಿಷ ಕೊಟ್ಟು ತಾವೇ ನೋಡಿಕೊಳ್ಳಬಹುದಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇವೆ.

ಯಾವ ಗಾಡಿಗೆ ಈ ಮಾತು?

ಕ್ಲಚ್ಚಿಗೆ ಕೇಬಲ್ ಇರುವ ಗಾಡಿಗಳಿಗೆ ಮಾತ್ರ. ನಮ್ಮ ಊರಿನ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಮಾರುತಿ 800, ಓಮ್ನಿ, ಝೆನ್, ಹಳೇ ಆಲ್ಟೊ ಇವೆಲ್ಲ ಈ ಗುಂಪಿನವು. ಮಾರುತಿ 800 ಮೊದಲು ರಸ್ತೆಗೆ ಇಳಿದಿದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಓಮ್ನಿ 1984ರಲ್ಲಿ ಬಂದು 2019ರಲ್ಲಿ ನಿಂತಿತು. ಅಂದರೆ ಕೊನೇ 800 ಕೂಡ ಈಗ ಹತ್ತು ವರ್ಷ ದಾಟಿದೆ. ಕೆಎ 09, ಕೆಎ 55 ನಂಬರಿನ ಎಷ್ಟೋ ಗಾಡಿಗಳು 15 ವರ್ಷ ಮುಗಿಸಿ, ಆರ್‌ಟಿಒ ಆಫೀಸಿನಲ್ಲಿ ಮತ್ತೆ ಐದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಿಕೊಂಡು ಓಡುತ್ತಿವೆ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವೇ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಕಟ್ಟಿ ಉಳಿಸಿಕೊಂಡ ಗಾಡಿಗೆ ಬೇಡದ ರಿಪೇರಿ ಖರ್ಚು ಯಾಕೆ?

ನಿಮ್ಮ ಗಾಡಿಯಲ್ಲಿ ಕೇಬಲ್ ಇದೆಯೋ ಇಲ್ಲವೋ ಅನುಮಾನ ಇದ್ದರೆ ಮೆಕ್ಯಾನಿಕ್ಕನ್ನೇ ಒಂದು ಮಾತು ಕೇಳಿ. ಎಷ್ಟೋ ಹೊಸ ಗಾಡಿಗಳಲ್ಲಿ ಕೇಬಲ್ ಬದಲು ಆಯಿಲ್ ಪ್ರೆಷರ್‌ನಿಂದ ಕ್ಲಚ್ ಕೆಲಸ ಮಾಡುತ್ತದೆ. ಅದರ ಲೆಕ್ಕವೇ ಬೇರೆ. ಮುಂದೆ ಬರೆದಿರುವುದು ಅದಕ್ಕೆ ಅನ್ವಯಿಸುವುದಿಲ್ಲ.

ಜಾವಾ ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ

ಮೈಸೂರಿನವರಿಗೆ ಕ್ಲಚ್ ಕೇಬಲ್ ಹೊಸ ವಿಷಯವೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಓಡಿಸಿದ ಹಿರಿಯರನ್ನು ಕೇಳಿ. ಹ್ಯಾಂಡಲ್ ಬಳಿಯ ಗುಂಡು ತುದಿಯಲ್ಲಿ ಕೇಬಲ್ ಕಿತ್ತು, ಗಾಡಿ ತಳ್ಳಿಕೊಂಡು ಬಂದ ಕಥೆ ಒಂದಾದರೂ ಇರುತ್ತೆ. (ಜಾವಾದಲ್ಲಿ ಗೇರ್ ಲಿವರ್ ತುಳಿದರೆ ಕ್ಲಚ್ ತಾನೇ ಬಿಡುತ್ತಿತ್ತು. ಹಾಗಾಗಿ ಕೇಬಲ್ ಕಿತ್ತರೂ ಹೇಗೋ ಮನೆ ಸೇರಿದೆ ಅನ್ನುವವರೂ ಸಿಗುತ್ತಾರೆ.) ದೂರದ ಊರಿಗೆ ಹೊರಟವರು ಹಳೇ ಕೇಬಲ್ ಪಕ್ಕದಲ್ಲೇ ಹೊಸದೊಂದನ್ನು ಟೇಪ್ ಸುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲ ಅದು.

ಕಾರಿನದ್ದೂ ಅದೇ ಕೇಬಲ್, ಸ್ವಲ್ಪ ದಪ್ಪ ಅಷ್ಟೇ. ಹೊರಗಿನ ಕವಚಕ್ಕೆ ಔಟರ್ ಅಂತಾರೆ. ಅದು ಸುರುಳಿ ಸುತ್ತಿದ ಉಕ್ಕಿನ ಕೊಳವೆ, ಮೇಲೆ ಪ್ಲಾಸ್ಟಿಕ್. ಒಳಗೆ ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ಇನ್ನರ್. ಪೆಡಲ್ ತುಳಿದರೆ ಇನ್ನರ್ ಎಳೆಯುತ್ತದೆ, ಗೇರ್‌ಬಾಕ್ಸ್ ಮೇಲಿನ ಒಂದು ಲಿವರ್ ತಿರುಗುತ್ತದೆ. ಆ ಲಿವರ್ ಒಳಗಡೆ ಕ್ಲಚ್ ಬೇರಿಂಗನ್ನು ತಳ್ಳುತ್ತದೆ. ಬೇರಿಂಗು ಪ್ರೆಷರ್ ಪ್ಲೇಟಿನ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ. ಆಗ ಬಿಗಿಯಾಗಿ ಸಿಕ್ಕಿಕೊಂಡಿದ್ದ ಕ್ಲಚ್ ಪ್ಲೇಟ್ ಸಡಿಲವಾಗಿ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ತಪ್ಪುತ್ತದೆ. ಗೇರ್ ಸದ್ದಿಲ್ಲದೆ ಬೀಳುವುದು ಆವಾಗ.

ಈ ಸರಪಳಿಯಲ್ಲಿ ಪೆಡಲ್, ಕೇಬಲ್, ಹೊರಗಿನ ಲಿವರ್ ಇಷ್ಟನ್ನು ಗೇರ್‌ಬಾಕ್ಸ್ ಮುಟ್ಟದೆಯೇ ನೋಡಬಹುದು. ಬೇರಿಂಗು, ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್ ನೋಡಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಖರ್ಚಿನ ವ್ಯತ್ಯಾಸ ಇರುವುದೂ ಅಲ್ಲೇ.

ಗುಟ್ಟೆಲ್ಲ ಇರುವುದು ‘ಪ್ಲೇ’ಯಲ್ಲಿ

ಪೆಡಲ್ಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಮೊದಲು ಸ್ವಲ್ಪ ದೂರ ಅದು ಹಗುರವಾಗಿ ಹೋಗುತ್ತೆ. ಆಮೇಲೆ ಒಂದು ಕಡೆ ಬಿಗಿ ಸಿಗುತ್ತೆ. ಆ ಹಗುರವಾದ ದೂರಕ್ಕೆ ಫ್ರೀ ಪ್ಲೇ, ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ ‘ಪ್ಲೇ’. ಮಾರುತಿ 800 ಥರದ ಗಾಡಿಯಲ್ಲಿ ಇದು ಸುಮಾರು 15ರಿಂದ 25 ಮಿಲಿಮೀಟರ್ ಇರಬೇಕು. ಅಂದಾಜಿಗೆ ಹೆಬ್ಬೆರಳಿನ ಅಗಲ ಅಂದುಕೊಳ್ಳಿ. ಗಾಡಿ ಜೊತೆ ಬಂದ ಪುಸ್ತಕ ನಿಮ್ಮ ಹತ್ತಿರ ಇನ್ನೂ ಇದ್ದರೆ ಅದರಲ್ಲಿರುವ ಅಳತೆಯೇ ಕೊನೆ ಮಾತು.

ಈಗ ಮುಖ್ಯ ವಿಷಯ. ಕೇಬಲ್ ಎಳೆದು ಉದ್ದವಾದರೆ, ಎಳೆ ಕಿತ್ತರೆ, ಪೆಡಲ್ಲಿನ ಬುಷ್ ಸವೆದರೆ ಪ್ಲೇ ಜಾಸ್ತಿ ಆಗುತ್ತದೆ. ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಪೂರ್ತಿ ಬಿಟ್ಟಿರುವುದಿಲ್ಲ. ಅದಕ್ಕೇ ಗೇರ್ ಕರ್ರ್ ಅನ್ನುವುದು.

ಕ್ಲಚ್ ಪ್ಲೇಟ್ ಸವೆದರೆ ಪ್ಲೇ ಕಮ್ಮಿ ಆಗುತ್ತದೆ. ಪ್ಲೇಟ್ ತೆಳ್ಳಗಾದಂತೆ ಪ್ರೆಷರ್ ಪ್ಲೇಟ್ ಇಂಜಿನ್ ಕಡೆ ಸರಿಯುತ್ತೆ, ಸ್ಪ್ರಿಂಗಿನ ಬೆರಳುಗಳು ಬೇರಿಂಗ್ ಕಡೆಗೆ ಎದ್ದು ಬರುತ್ತವೆ. ಯಾರೂ ಮುಟ್ಟದಿದ್ದರೂ ಕೇಬಲ್ ತಾನಾಗಿಯೇ ಟೈಟ್ ಆಗುತ್ತಾ ಹೋಗುತ್ತೆ. ಕಡೆಗೆ ಪ್ಲೇ ಸೊನ್ನೆ. ಆಮೇಲೆ ನೀವು ಕ್ಲಚ್ ಮೇಲೆ ಕಾಲೇ ಇಡದಿದ್ದರೂ ಯಾವಾಗಲೂ ಅರ್ಧ ಕಾಲು ಇಟ್ಟ ಹಾಗೆ. ಪ್ಲೇಟ್ ಜಾರುತ್ತೆ, ಬಿಸಿಯಾಗುತ್ತೆ, ಸುಟ್ಟ ವಾಸನೆ ಬರುತ್ತೆ.

ಎರಡೂ ಎದುರುಬದುರು ದಿಕ್ಕಿನ ರೋಗ. ಆದರೆ ಎರಡಕ್ಕೂ ಒಂದೇ ಔಷಧಿ ಅಂತ ‘ಸ್ವಲ್ಪ ಟೈಟ್ ಮಾಡಿಬಿಡೋಣ’ ಅನ್ನುವವರು ಬಹಳ ಜನ. ಈ ಲೇಖನ ಬರೆಯುತ್ತಿರುವವರೂ ಅದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದಾರೆ. ವರ್ಷಗಳ ಹಿಂದೆ ನಮ್ಮ 800ರಲ್ಲಿ ಗೇರ್ ಸದ್ದು ಮಾಡುತ್ತೆ ಅಂತ ನಟ್ ಬಿಗಿ ಮಾಡಿದೆವು. ಸದ್ದು ನಿಂತಿತು, ಭಾರೀ ಖುಷಿ. ಪ್ಲೇ ಎಷ್ಟು ಉಳಿದಿದೆ ಅಂತ ನೋಡಲಿಲ್ಲ. ದಸರಾ ದೀಪಾಲಂಕಾರ ನೋಡಲು ಮನೆಯವರನ್ನೆಲ್ಲ ಕೂರಿಸಿಕೊಂಡು ಸಯ್ಯಾಜಿರಾವ್ ರಸ್ತೆ ಕಡೆ ಹೋದ ರಾತ್ರಿ, ಒಂದು ಗಂಟೆ ತೆವಳಿದ ಮೇಲೆ ಕಾರಿನೊಳಗೆಲ್ಲ ಸುಟ್ಟ ವಾಸನೆ. ಮನೆ ಸೇರುವಷ್ಟರಲ್ಲಿ ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಇನ್ನೂ ಬಾಳುತ್ತಿದ್ದ ಪ್ಲೇಟನ್ನು ನಾವೇ ಕೈಯಾರೆ ಸುಟ್ಟಿದ್ದೆವು.

ಹತ್ತು ನಿಮಿಷದ ಪರೀಕ್ಷೆ

ಎಲ್ಲಕ್ಕಿಂತ ಮೊದಲು ಕಾಲಡಿಯ ಮ್ಯಾಟ್ ತೆಗೆದು ಹಿಂದಕ್ಕೆ ಹಾಕಿ. ನಗಬೇಡಿ. ದಪ್ಪ ತೆಂಗಿನ ನಾರಿನ ಮ್ಯಾಟು, ಅದರ ಮೇಲೊಂದು ರಬ್ಬರ್ ಮ್ಯಾಟು, ಮಳೆಗಾಲದಲ್ಲಿ ಮೇಲೊಂದು ಗೋಣಿಚೀಲ ಹಾಸಿರುವ ಗಾಡಿ ಎಷ್ಟು ಬೇಕು? ಪೆಡಲ್ ಪೂರ್ತಿ ಕೆಳಗೆ ಹೋಗಲು ಜಾಗವೇ ಇಲ್ಲದಿದ್ದರೆ ಒಳ್ಳೇ ಕ್ಲಚ್ಚೂ ಬಿಡಲ್ಲ.

ಆಮೇಲೆ ಸ್ಕೇಲ್ ತೆಗೆದುಕೊಂಡು ಪ್ಲೇ ಅಳೆಯಿರಿ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. ಪೆಡಲ್ ಪಕ್ಕ ನಿಲ್ಲಿಸಿ, ಬಿಟ್ಟಾಗ ಎಲ್ಲಿದೆ, ಬಿಗಿ ಸಿಕ್ಕಾಗ ಎಲ್ಲಿದೆ ನೋಡಿ. ಕಾಲಿನಿಂದ ಒತ್ತಿದರೆ ಸರಿಯಾಗಿ ಗೊತ್ತಾಗಲ್ಲ, ಕೈಯಲ್ಲೇ ಒತ್ತಬೇಕು.

ಮುಂದೆ ಇಂಜಿನ್ ಆಫ್ ಮಾಡಿಕೊಂಡು ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಗೇರ್ ಲಿವರ್ ಕಡೆ ತೊಂದರೆ ಇಲ್ಲ. ಈಗ ಇಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ತುಳಿದು, ಮೂರು ಎಣಿಸುವಷ್ಟು ಹೊತ್ತು ಕಾದು ರಿವರ್ಸ್ ಹಾಕಿ. ಆಗಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪ್ಲೇ ಜಾಸ್ತಿ ಇದ್ದು ಹೀಗಾದರೆ ಕೇಬಲ್ ಮೇಲೆ ಅನುಮಾನ ಪಡಿ. ಪ್ಲೇ ಸರಿಯಾಗಿಯೇ ಇದ್ದು, ಕೇಬಲ್ಲೂ ಚೆನ್ನಾಗಿದ್ದು ಹೀಗಾಗುತ್ತಿದ್ದರೆ ತೊಂದರೆ ಒಳಗಡೆ ಇರಬಹುದು. ಸ್ಪ್ರಿಂಗಿನ ಬೆರಳು ಮುರಿದಿರಬಹುದು ಅಥವಾ ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿಯಾದರೆ ತುಕ್ಕು ಹಿಡಿದು ಪ್ಲೇಟ್ ಅಂಟಿಕೊಂಡಿರಬಹುದು. ಆಗ ಗೇರ್‌ಬಾಕ್ಸ್ ಇಳಿಸಬೇಕು ಅಂದರೆ ಒಪ್ಪಿಕೊಳ್ಳಬೇಕಾದ್ದೇ.

ಪ್ಲೇಟ್ ಜಾರುತ್ತಿದೆಯಾ ಅಂತ ನೋಡಲು ಖಾಲಿ ಏರು ರಸ್ತೆ ಬೇಕು. ಬೆಳಿಗ್ಗೆ ಬೇಗ ಚಾಮುಂಡಿ ಬೆಟ್ಟದ ಬುಡದ ಕಡೆ ಹೋದರೆ ಸಿಗುತ್ತೆ. ಮೂರನೇ ಗೇರಿನಲ್ಲಿ ಮೂವತ್ತರ ಸ್ಪೀಡಿನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಒಳ್ಳೇ ಕ್ಲಚ್ ಇದ್ದರೆ ಇಂಜಿನ್ ಸದ್ದೂ ಗಾಡಿಯ ವೇಗವೂ ಒಟ್ಟೊಟ್ಟಿಗೆ ಏರುತ್ತವೆ. ಸದ್ದು ಮಾತ್ರ ಏರಿ ಗಾಡಿ ಹಾಗೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಂದು ಸಲ ನೋಡಿದರೆ ಸಾಕು, ಮತ್ತೆ ಮತ್ತೆ ಮಾಡಿ ಇರುವ ಪ್ಲೇಟನ್ನೂ ಸುಡಬೇಡಿ. ಹಾಗೆ ಜಾರಿದಾಗಲೂ ಮೊದಲು ಪ್ಲೇ ನೋಡಿ. ಪ್ಲೇ ಸೊನ್ನೆ ಇದ್ದರೆ ಕೇಬಲ್ ಸ್ವಲ್ಪ ಸಡಿಲ ಮಾಡಿ ಮತ್ತೆ ಓಡಿಸಿ ನೋಡಿ. ಅಷ್ಟಕ್ಕೇ ಸರಿಹೋದ ಗಾಡಿಗಳಿವೆ. ಪ್ಲೇ ಸರಿ ಇದ್ದೂ ಜಾರಿದರೆ ಪ್ಲೇಟಿನ ಆಯಸ್ಸು ಮುಗಿದಿದೆ, ಇಲ್ಲವೇ ಅದರ ಮೇಲೆ ಆಯಿಲ್ ಬಿದ್ದಿದೆ.

ಇನ್ನು ಸದ್ದಿನ ಲೆಕ್ಕ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುವಾಗ ಕ್ಲಚ್ ತುಳಿದರೆ ‘ಗುರ್’ ಅಂತ ಸದ್ದು ಶುರುವಾದರೆ ಅದು ಕ್ಲಚ್ ಬೇರಿಂಗ್. ತುಳಿದಾಗ ಸದ್ದು ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಕಡೆ ನೋಡಿಸಿ.

ಕೇಬಲ್ ಹೇಳುವ ಮುನ್ಸೂಚನೆ

ಕೇಬಲ್ ಇದ್ದಕ್ಕಿದ್ದಂತೆ ಕೀಳುವುದು ಅಪರೂಪ. ಮೊದಲೇ ಸೂಚನೆ ಕೊಡುತ್ತೆ, ನಾವು ಕಿವಿಗೊಡುವುದಿಲ್ಲ ಅಷ್ಟೇ. ಪೆಡಲ್ ದಿನದಿಂದ ದಿನಕ್ಕೆ ಭಾರ ಆಗುತ್ತೆ. ತುಳಿಯುವಾಗ ನಡುವೆ ಎಲ್ಲೋ ಸಿಕ್ಕಿಕೊಂಡು ‘ಟಕ್’ ಅಂತ ಬಿಡುತ್ತೆ. ಕಾಲು ತೆಗೆದರೂ ಪೆಡಲ್ ನಿಧಾನವಾಗಿ ಮೇಲೆ ಬರುತ್ತೆ. ಬಾಗಿಲು ಕೀಲಿನ ಹಾಗೆ ಕಿರ್ ಕಿರ್ ಅನ್ನುತ್ತೆ. ಎಲ್ಲಕ್ಕಿಂತ ಖಚಿತವಾದದ್ದು: ಈ ವಾರ ಅಡ್ಜಸ್ಟ್ ಮಾಡಿಸಿದ್ದು ಮುಂದಿನ ವಾರಕ್ಕೆ ಮತ್ತೆ ಲೂಸ್. ಒಳ್ಳೇ ಕೇಬಲ್ ಹೀಗೆ ವಾರಕ್ಕೊಮ್ಮೆ ಉದ್ದ ಆಗಲ್ಲ. ಒಳಗೆ ಒಂದೊಂದೇ ಎಳೆ ಕೀಳುತ್ತಿದೆ ಅಂತ ಅರ್ಥ. ಅಂಥದ್ದನ್ನು ಟೈಟ್ ಮಾಡಿಸುತ್ತಾ ಕೂರಬೇಡಿ, ಬದಲಾಯಿಸಿ.

ಟಾರ್ಚ್ ಹಿಡಿದು ಎರಡು ತುದಿಗಳನ್ನೂ ನೋಡಿ. ಸ್ಟೀರಿಂಗ್ ಕೆಳಗೆ ಪೆಡಲ್ಲಿಗೆ ಕೊಂಡಿ ಸಿಕ್ಕಿಸಿರುವ ಜಾಗ ಒಂದು, ಗೇರ್‌ಬಾಕ್ಸ್ ಲಿವರ್ ಹತ್ತಿರ ಇನ್ನೊಂದು. ಬಿಚ್ಚಿದ ಎಳೆ, ತುಕ್ಕು, ಮಡಚಿದ ಔಟರ್, ಹರಿದ ರಬ್ಬರ್ ಕಾಣಿಸುತ್ತವೆ. ಬರಿಗೈಯಲ್ಲಿ ಸವರಬೇಡಿ, ಕಿತ್ತ ಎಳೆ ಸೂಜಿ ಇದ್ದ ಹಾಗೆ.

ಓಮ್ನಿಯವರಿಗೆ ಒಂದು ಮಾತು ಜಾಸ್ತಿ. ಇಂಜಿನ್ ಸೀಟಿನ ಕೆಳಗಿರುವುದರಿಂದ ಕೇಬಲ್ಲು ಗಾಡಿಯ ತಳದಲ್ಲಿ ಓಡುತ್ತೆ. ರಸ್ತೆಯ ಕೆಸರು, ಧೂಳು, ವಾಟರ್ ಸರ್ವಿಸ್‌ನವರು ಜೋರಾಗಿ ಬಿಡುವ ನೀರು ಎಲ್ಲ ಅದರ ಬಾಯಿಗೇ. ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡಿಸುವುದು ಒಳ್ಳೇದು.

ಹೊಸ ಕೇಬಲ್ ಹಾಕಿದರೂ ಕೆಲವೇ ತಿಂಗಳಲ್ಲಿ ಬಿಗಿದುಕೊಂಡು ಹಾಳಾಗುತ್ತಿದ್ದರೆ ಕೇಬಲ್ ಕಂಪನಿಯನ್ನು ಬೈಯುವ ಮುಂಚೆ ಇಂಜಿನ್ನಿನ ಅರ್ಥಿಂಗ್ ಪಟ್ಟಿ ನೋಡಿಸಿ. ಇಂಜಿನ್, ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಆ ತಾಮ್ರದ ಪಟ್ಟಿ ತುಕ್ಕು ಹಿಡಿದು ಸಡಿಲವಾಗಿದ್ದರೆ, ಸ್ಟಾರ್ಟ್ ಮಾಡುವಾಗಿನ ಭಾರೀ ಕರೆಂಟು ಬೇರೆ ದಾರಿ ಹುಡುಕುತ್ತೆ. ಉಕ್ಕಿನ ಕ್ಲಚ್ ಕೇಬಲ್ಲೇ ಅದಕ್ಕೆ ದಾರಿ ಆಗಬಹುದು. ಕೇಬಲ್ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತೆ. ಸ್ಟಾರ್ಟರ್ ಮಂಕಾಗಿ ತಿರುಗುವುದು, ಕ್ಲಚ್ ಗಟ್ಟಿಯಾಗುವುದು ಎರಡೂ ಒಟ್ಟಿಗೆ ಕಂಡರೆ ಇದನ್ನು ನೆನಪಿಟ್ಟುಕೊಳ್ಳಿ.

ಅಡ್ಜಸ್ಟ್ ಮಾಡುವುದು ಹೇಗೆ

800ರಂಥ ಗಾಡಿಯಲ್ಲಿ ಬಾನೆಟ್ ಎತ್ತಿದರೆ ಕೆಲಸ ಆಗುತ್ತೆ. ಓಮ್ನಿಯಲ್ಲಿ ಕೆಳಗೆ ಹೋಗಬೇಕು, ಅದನ್ನು ರ‍್ಯಾಂಪ್ ಇರುವ ಗ್ಯಾರೇಜಿನಲ್ಲೇ ಮಾಡಿಸಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬೇಡಿ. ಎರಡು ಸ್ಪ್ಯಾನರಿನ ಕೆಲಸಕ್ಕೆ ಪ್ರಾಣ ಕೊಡುವುದು ಬೇಡ.

ಗಾಡಿ ಸಮತಟ್ಟು ಜಾಗದಲ್ಲಿರಲಿ. ಇಂಜಿನ್ ತಣ್ಣಗಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು ನ್ಯೂಟ್ರಲ್ ಮಾಡಿ. ಪೆಡಲ್ ಕಡೆಯಿಂದ ಬರುವ ಕೇಬಲ್ಲನ್ನು ಕಣ್ಣಲ್ಲೇ ಹಿಂಬಾಲಿಸಿ ಗೇರ್‌ಬಾಕ್ಸ್ ಲಿವರ್‌ವರೆಗೆ ಹೋಗಿ. ಅಲ್ಲಿ ಕೇಬಲ್ಲಿನ ತುದಿ ಮರೆಯಿರುವ ಕಡ್ಡಿಯಾಗಿ ಲಿವರ್‌ನಿಂದ ಆಚೆ ಬಂದಿರುತ್ತೆ, ಮೇಲೆ ನಟ್. ಕೆಲವು ಗಾಡಿಯಲ್ಲಿ ಒಂದೇ ನಟ್, ಕೆಲವದರಲ್ಲಿ ಲಾಕ್ ನಟ್ ಸೇರಿ ಎರಡು. ಮುಟ್ಟುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಎಷ್ಟು ಮರೆ ಆಚೆ ಇತ್ತು ಅನ್ನುವುದು ಆಮೇಲೆ ಬೇಕಾಗುತ್ತೆ. ತುಕ್ಕು ಇದ್ದರೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಸ್ವಲ್ಪ ಆಯಿಲ್ ಬಿಟ್ಟು ಕಾಯಿರಿ.

ಲಾಕ್ ನಟ್ ಸಡಿಲ ಮಾಡಿ. ಕೇಬಲ್ಲಿನ ಕಡ್ಡಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಮೆತ್ತಗೆ ಹಿಡಿದುಕೊಂಡೇ ನಟ್ ತಿರುಗಿಸಿ, ಇಲ್ಲದಿದ್ದರೆ ಒಳಗಿನ ಎಳೆಗಳು ತಿರುಚಿಕೊಳ್ಳುತ್ತವೆ. ಒಂದು ಸಲಕ್ಕೆ ಅರ್ಧ ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ನಟ್ ಒಳಕ್ಕೆ ಹೋದರೆ ಪ್ಲೇ ಕಮ್ಮಿ, ಹೊರಕ್ಕೆ ಬಂದರೆ ಪ್ಲೇ ಜಾಸ್ತಿ. ಪ್ರತಿ ಸಲ ತಿರುಗಿಸಿದ ಮೇಲೂ ಪೆಡಲ್ಲನ್ನು ಐದಾರು ಸಲ ಪೂರ್ತಿ ತುಳಿದು ಬಿಟ್ಟು, ಆಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಅಳತೆ ಸರಿಯಾದ ಮೇಲೆ ಲಾಕ್ ನಟ್ ಬಿಗಿ ಮಾಡಿ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಅಳತೆ ಜರುಗಿರುತ್ತೆ.

ಮರೆ ಮುಗಿದುಹೋದರೆ? ಪೂರ್ತಿ ಬಿಗಿ ಮಾಡಿದರೂ ಪ್ಲೇ ಇನ್ನೂ ಜಾಸ್ತಿ ಇದೆ ಅಂದರೆ ಕೇಬಲ್ ಕೆಲಸ ಮುಗಿದಿದೆ ಅಥವಾ ಪೆಡಲ್ ಬುಷ್, ಲಿವರ್ ಸವೆದಿದೆ. ಪೂರ್ತಿ ಸಡಿಲ ಮಾಡಿದರೂ ಪ್ಲೇ ಬರುತ್ತಿಲ್ಲ ಅಂದರೆ ಪ್ಲೇಟ್ ತೆಳ್ಳಗಾಗಿದೆ. ಈ ಎರಡನೇ ಸಂದರ್ಭದಲ್ಲಿ ‘ಪ್ಲೇಟ್ ಹೋಗಿದೆ’ ಅನ್ನುವ ಮೆಕ್ಯಾನಿಕ್ ಮಾತು ಪೂರ್ತಿ ನಿಜ.

ಗ್ರೀಸ್ ವಿಷಯ: ಪೆಡಲ್ ಕೀಲಿಗೆ, ಲಿವರ್ ತುದಿಗೆ ಹಚ್ಚಿ. ಒಳಗೆ ಪ್ಲಾಸ್ಟಿಕ್ ಕೊಳವೆ ಇರುವ ಕೇಬಲ್ಲಿಗೆ ಮಾತ್ರ ದಪ್ಪ ಗ್ರೀಸ್ ತುಂಬಬೇಡಿ, ಧೂಳು ಸೇರಿ ಅಂಟಾಗುತ್ತೆ.

ಹೊಸ ಕೇಬಲ್ ತರುವಾಗ

ಹಳೇ ಕೇಬಲ್ ಕೈಯಲ್ಲಿ ಹಿಡಿದುಕೊಂಡೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ‘800ರದ್ದು ಕೊಡಿ’ ಅಂದರೆ ಸಾಲದು. ಯಾವ ವರ್ಷದ್ದು, ಕಾರ್ಬೊರೇಟರ್ ಗಾಡಿಯೋ ಎಂಪಿಎಫ್‌ಐ ಗಾಡಿಯೋ ಹೇಳಿ. ಕೌಂಟರ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಔಟರ್ ಉದ್ದ, ಇನ್ನರ್ ಉದ್ದ, ಎರಡು ತುದಿಯ ಕೊಂಡಿ ಹೋಲಿಸಿ. ಇನ್ನರನ್ನು ಕೈಯಲ್ಲಿ ಎಳೆದು ನೋಡಿ, ಬೆಣ್ಣೆ ಥರ ಜಾರಬೇಕು. ಐವತ್ತು ರೂಪಾಯಿ ಉಳಿಸಲು ಹೆಸರಿಲ್ಲದ ಮಾಲು ತಂದರೆ ಕೂಲಿ ಎರಡು ಸಲ ಕೊಡಬೇಕಾಗುತ್ತೆ. ಹಾಕುವಾಗ ಹಳೇ ದಾರಿಯಲ್ಲೇ, ಸೈಲೆನ್ಸರ್ ಪೈಪಿಗೆ ತಾಗದ ಹಾಗೆ, ಚೂಪಾದ ಮಡಿಕೆ ಬರದ ಹಾಗೆ ಎಳೆಯಬೇಕು. ಹೊಸ ಕೇಬಲ್ ಮೊದಲ ಕೆಲವು ದಿನ ಸ್ವಲ್ಪ ಕೂರುತ್ತೆ. ವಾರ ಬಿಟ್ಟು ಒಮ್ಮೆ ಪ್ಲೇ ಅಳೆದು ಸರಿಮಾಡಿಕೊಳ್ಳಿ, ಅದು ದೋಷ ಅಲ್ಲ.

ರಸ್ತೆ ಮಧ್ಯೆ ಕಿತ್ತರೆ

ಪೆಡಲ್ ‘ಧಪ್’ ಅಂತ ನೆಲಕ್ಕೆ ಬಿದ್ದು ಮೇಲೆ ಬರದಿದ್ದರೆ ಕೇಬಲ್ ಕಿತ್ತಿದೆ ಅಂತಲೇ ತಿಳಿಯಿರಿ. ಗಾಬರಿ ಬೇಡ, ಬ್ರೇಕಿಗೂ ಇದಕ್ಕೂ ಸಂಬಂಧ ಇಲ್ಲ. ಆಕ್ಸಿಲರೇಟರ್ ಬಿಟ್ಟು, ಗೇರ್ ಎಳೆದು ನ್ಯೂಟ್ರಲ್ ಮಾಡಿ, ಪಾರ್ಕಿಂಗ್ ಲೈಟ್ ಮಿಣುಕಿಸುತ್ತಾ ಪಕ್ಕಕ್ಕೆ ನಿಲ್ಲಿಸಿ. ಕೆ.ಆರ್. ಸರ್ಕಲ್ ಥರದ ಜಾಗದಲ್ಲಾದರೆ ನಾಲ್ಕು ಜನ ಬಂದು ತಳ್ಳುತ್ತಾರೆ, ಮೈಸೂರಿನಲ್ಲಿ ಆ ಉಪಕಾರಕ್ಕೆ ಬರ ಇಲ್ಲ.

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಕಿತ್ತರೆ ಮಾತ್ರ ಹುಷಾರು. ಆಷಾಢ ಶುಕ್ರವಾರಗಳಲ್ಲಿ ಈಚಿನ ವರ್ಷಗಳಲ್ಲಿ ಖಾಸಗಿ ಗಾಡಿ ಬಿಡದೆ ಬಸ್ಸಿನಲ್ಲೇ ಕಳಿಸುತ್ತಾರೆ, ಆವತ್ತಿನ ಚಿಂತೆ ಇಲ್ಲ. ಮಾಮೂಲಿ ಭಾನುವಾರದ ಸಾಲಿನಲ್ಲಿ ಏರಿನ ಮೇಲೆ ನಿಂತು ನಿಂತು ಹೋಗುವಾಗಲೇ ಹಳೇ ಕೇಬಲ್ಲಿಗೂ ಪ್ಲೇಟಿಗೂ ಕಷ್ಟ ಕೊಡುವುದು. ಏರಿನಲ್ಲಿ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಬಿಡಿ, ಹ್ಯಾಂಡ್‌ಬ್ರೇಕ್ ಇರುವುದೇ ಅದಕ್ಕೆ. ಕೇಬಲ್ ಕಿತ್ತೇ ಹೋದರೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲಿಟ್ಟು, ಜನರನ್ನು ಇಳಿಸಿ, ಮೆಕ್ಯಾನಿಕ್ಕಿಗೋ ಟೋಯಿಂಗ್ ಗಾಡಿಗೋ ಫೋನ್ ಮಾಡಿ.

ಹಳಬರು ಇಂಜಿನ್ ಆಫ್ ಮಾಡಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಇಲ್ಲದೆಯೇ ಕೀ ತಿರುಗಿಸಿ ಹೊರಡುವುದನ್ನು ನೋಡಿರುತ್ತೀರಿ. ಹಳೇ ಗಾಡಿಯಲ್ಲಿ ಅದು ಆಗುತ್ತೆ ನಿಜ. ಆದರೆ ಕೀ ತಿರುಗಿಸಿದ ಕ್ಷಣವೇ ಗಾಡಿ ಜಿಗಿಯುತ್ತೆ, ನಿಲ್ಲಿಸಬೇಕಾದರೆ ನ್ಯೂಟ್ರಲ್ ಎಳೆಯಬೇಕು ಇಲ್ಲವೇ ಇಂಜಿನ್ ಆಫ್ ಮಾಡಬೇಕು. ಮುಂದೆ ಖಾಲಿ ರಸ್ತೆ ಇದ್ದರೆ ಅಪಾಯದ ಜಾಗದಿಂದ ಪಕ್ಕಕ್ಕೆ ತರುವಷ್ಟಕ್ಕೆ ಮಾತ್ರ ಅದು. ಪೇಟೆ ಬೀದಿಯಲ್ಲಿ, ಜನರ ನಡುವೆ ಬೇಡವೇ ಬೇಡ.

ಕಡೆಗೂ ಪ್ಲೇಟೇ ಹೋಗಿದ್ದರೆ

ಗೇರ್‌ಬಾಕ್ಸ್ ಇಳಿಸಲೇಬೇಕು ಅಂತ ಖಾತ್ರಿ ಆದ ಮೇಲೆ ಜಿಪುಣತನ ಮಾಡಬೇಡಿ. ಖರ್ಚಿನಲ್ಲಿ ದೊಡ್ಡ ಪಾಲು ಇಳಿಸಿ ಏರಿಸುವ ಕೂಲಿಯದ್ದೇ. ಬರೀ ಪ್ಲೇಟ್ ಹಾಕಿಸಿ, ಬೇರಿಂಗ್ ಆರು ತಿಂಗಳಲ್ಲಿ ಕೂಗಿದರೆ ಮತ್ತೆ ಅಷ್ಟೇ ಕೂಲಿ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿ ಅನ್ನುವ ಮೆಕ್ಯಾನಿಕ್ ನಿಮ್ಮ ಒಳ್ಳೇದಕ್ಕೇ ಹೇಳುತ್ತಿರುತ್ತಾನೆ. ಕೇಬಲ್ ಹಳೇದಿದ್ದರೆ ಅದನ್ನೂ ಅದರ ಜೊತೆಗೇ ಹಾಕಿಸಿ.

ಗಾಡಿ ಬಿಡುವ ಮುಂಚೆ ಎರಡು ಮಾತು ಹೇಳಿ. ಒಂದು, ‘ಮೊದಲು ಪ್ಲೇ ಎಷ್ಟಿದೆ ನನ್ನ ಮುಂದೆ ನೋಡಿ.’ ಇನ್ನೊಂದು, ‘ಬಿಚ್ಚಿದ ಹಳೇ ಪ್ಲೇಟ್ ನನಗೆ ತೋರಿಸಿ.’ ಒಳ್ಳೇ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ, ತಾನೇ ಕರೆದು ತೋರಿಸುತ್ತಾನೆ. ಪ್ಲೇಟ್ ಕೈಗೆ ಬಂದಾಗ ಲೈನಿಂಗ್ ಮೇಲಿನ ರಿವೆಟ್‌ಗಳನ್ನು ನೋಡಿ. ರಿವೆಟ್ಟಿನ ತಲೆ ಲೈನಿಂಗ್ ಮಟ್ಟಕ್ಕೆ ಬಂದುಬಿಟ್ಟಿದ್ದರೆ, ಅರ್ಧ ಮಿಲಿಮೀಟರ್ ಕೂಡ ಒಳಗಿಲ್ಲ ಅಂದರೆ, ಪ್ಲೇಟ್ ನಿಜವಾಗಿ ಮುಗಿದಿತ್ತು. ರಿವೆಟ್ ಇನ್ನೂ ಚೆನ್ನಾಗಿ ಒಳಗಿದ್ದು, ಲೈನಿಂಗ್ ದಪ್ಪವಾಗಿದ್ದು, ಸುಟ್ಟ ಗುರುತಾಗಲಿ ಆಯಿಲ್ ಜಿಡ್ಡಾಗಲಿ ಇಲ್ಲದಿದ್ದರೆ, ಬಿಲ್ ಕಟ್ಟುವ ಮುಂಚೆ ಆ ಕೇಬಲ್ಲನ್ನೂ ತರಿಸಿ ನೋಡಿ.